ಹಾರ್ಡ್‌ವೇರ್ ವಿಮರ್ಶೆಯ ಜಾಲತಾಣ ಆರಂಭಿಸುವುದು ಹೇಗೆ?

ಪ್ರಶ್ನೆ: ನಾನು ಎಂಜಿನಿಯರಿಂಗ್ ವಿದ್ಯಾರ್ಥಿ. ಬಿಡುವಿನಲ್ಲಿ ಗೇಮ್ ಆಡುವ ಹವ್ಯಾಸವಿದೆ. ಪ್ರೊಸೆಸರ್, ರ‍್ಯಾಮ್, ಗ್ರಾಫಿಕ್ಸ್ ಕಾರ್ಡ್ ಮುಂತಾದವನ್ನು ಪರೀಕ್ಷಿಸಿ ಕನ್ನಡದಲ್ಲಿ ವಿಮರ್ಶೆ ಬರೆಯುವ ಸ್ವತಂತ್ರ ಜಾಲತಾಣವೊಂದನ್ನು ಆರಂಭಿಸಬೇಕೆಂದಿದ್ದೇನೆ. ನನ್ನಲ್ಲಿರುವುದು ರೈಜೆನ್ 5 5600ಜಿ ಪ್ರೊಸೆಸರಿನ ಒಂದೇ ಕಂಪ್ಯೂಟರ್. ಇಷ್ಟರಿಂದ ಸಾಧ್ಯವೇ? ಮುಂದೆ ಕಂಪನಿಗಳು ಉಚಿತವಾಗಿ ಏನಾದರೂ ಕಳುಹಿಸಿದರೆ ಸ್ವೀಕರಿಸಬಹುದೇ?
– ಓದುಗರೊಬ್ಬರು, ದಾವಣಗೆರೆ

ಉತ್ತರ: ಖಂಡಿತ ಸಾಧ್ಯ. ಈ ಕ್ಷೇತ್ರದ ಹೆಸರಾಂತ ತಾಣಗಳು ಹವ್ಯಾಸಿಗಳಿಂದಲೇ ಹುಟ್ಟಿದವು. 1996ರಲ್ಲಿ ಟಾಮ್ಸ್ ಹಾರ್ಡ್‌ವೇರ್ ಆರಂಭಿಸಿದ ಥಾಮಸ್ ಪಾಬ್ಸ್ಟ್ ವೃತ್ತಿಯಿಂದ ವೈದ್ಯರು. ಮರುವರ್ಷ ಅಮೆರಿಕದಲ್ಲಿ ಆನಂದ್ ಲಾಲ್ ಶಿಂಪಿ ತಮ್ಮ 14ನೇ ವಯಸ್ಸಿನಲ್ಲಿ ಆರಂಭಿಸಿದ ಆನಂದ್‌ಟೆಕ್, 2024ರ ಆಗಸ್ಟ್‌ವರೆಗೆ ನಡೆಯಿತು. ಆದರೆ ಇಂದು ಹೊಸ ಕಾರ್ಡೊಂದು ಬಿಡುಗಡೆಯಾದ ದಿನವೇ ಹತ್ತಾರು ವಿಮರ್ಶೆಗಳು ಹೊರಬೀಳುತ್ತವೆ. ಆ ಪೈಪೋಟಿಗೆ ನೀವು ಇಳಿಯಬೇಕಾಗಿಲ್ಲ.

ನಿಮ್ಮ ಕಂಪ್ಯೂಟರನ್ನು ಕೊರತೆಯೆಂದು ಭಾವಿಸಬೇಡಿ. ದೊಡ್ಡ ತಾಣಗಳು ಪ್ರೊಸೆಸರನ್ನು ಅತಿ ದುಬಾರಿ ಗ್ರಾಫಿಕ್ಸ್ ಕಾರ್ಡಿನೊಂದಿಗೆ ಪರೀಕ್ಷಿಸುತ್ತವೆ. ಪ್ರೊಸೆಸರಿನ ನಿಜವಾದ ಮಿತಿಯನ್ನು ಅರಿಯಲು ಅದು ಸರಿಯಾದ ಕ್ರಮವೇ ಹೌದು. ಆದರೆ ಬೆಂಗಳೂರಿನ ಎಸ್‌.ಪಿ. ರಸ್ತೆಯ ಅಂಗಡಿಯಲ್ಲಿ ಕಡಿಮೆ ಬಜೆಟ್‌ನಲ್ಲಿ ಕಂಪ್ಯೂಟರ್ ಜೋಡಿಸಲು ಹೊರಟವರಿಗೆ ಬೇಕಾದ ಉತ್ತರ ಅಲ್ಲಿ ಸಿಗುವುದಿಲ್ಲ. ನಿಮ್ಮ 5600ಜಿಯನ್ನೇ ತೆಗೆದುಕೊಳ್ಳಿ. ಅದರೊಳಗಿನ ಗ್ರಾಫಿಕ್ಸ್‌ಗೆ ಸ್ವಂತ ಮೆಮೊರಿ ಇಲ್ಲ, ಅದು ಕಂಪ್ಯೂಟರಿನ ರ‍್ಯಾಮನ್ನೇ ಬಳಸುತ್ತದೆ. 3200 ವೇಗದ ಡಿಡಿಆರ್4 ರ‍್ಯಾಮ್ ಒಂದನ್ನೇ ಹಾಕಿದರೆ ಸೆಕೆಂಡಿಗೆ ಗರಿಷ್ಠ 25.6 ಗಿಗಾಬೈಟ್ ಮಾಹಿತಿ ಸಾಗುತ್ತದೆ. ಎರಡನ್ನು ಸರಿಯಾದ ಸ್ಲಾಟ್‌ಗಳಲ್ಲಿ ಹಾಕಿದರೆ 51.2. 16 ಜಿಬಿಯ ಒಂದು ರ‍್ಯಾಮ್ ಕೊಳ್ಳಬೇಕೇ, 8 ಜಿಬಿಯ ಎರಡು ಕೊಳ್ಳಬೇಕೇ, ಅದರಿಂದ ಯಾವ ಗೇಮ್‌ನಲ್ಲಿ ಎಷ್ಟು ಲಾಭ ಎಂಬುದನ್ನು ಅಳೆದು ಬರೆದರೆ, ನಿಮ್ಮ ಮೊದಲ ವಿಮರ್ಶೆಗೆ ಅದಕ್ಕಿಂತ ಒಳ್ಳೆಯ ವಿಷಯ ಬೇಕಿಲ್ಲ.

ಅಳತೆಯ ವಿಷಯದಲ್ಲಿ ಮಾತ್ರ ಕಟ್ಟುನಿಟ್ಟಾಗಿರಿ. ಸರಾಸರಿ ಎಫ್‌ಪಿಎಸ್ (ಸೆಕೆಂಡಿಗೆ ತೆರೆಯ ಮೇಲೆ ಮೂಡುವ ಫ್ರೇಮ್‌ಗಳ, ಅಂದರೆ ಚಿತ್ರಗಳ ಸಂಖ್ಯೆ) ಒಂದನ್ನೇ ಕೊಟ್ಟು ಸುಮ್ಮನಾಗಬಾರದು. 60 ಎಫ್‌ಪಿಎಸ್ ಎಂದರೆ ಪ್ರತಿ ಫ್ರೇಮಿಗೆ ಸುಮಾರು 16.7 ಮಿಲಿಸೆಕೆಂಡ್, ನಡುವೆ ಒಂದು ಫ್ರೇಮ್ 100 ಮಿಲಿಸೆಕೆಂಡ್ ತೆಗೆದುಕೊಂಡರೆ ಸರಾಸರಿ ಅಷ್ಟಾಗಿ ಬದಲಾಗುವುದಿಲ್ಲ, ಆದರೆ ಆಡುವವರಿಗೆ ಆಟ ತಟ್ಟನೆ ನಿಂತಂತಾಗುತ್ತದೆ. 2011ರಲ್ಲಿ ಟೆಕ್ ರಿಪೋರ್ಟ್ ತಾಣದ ಸ್ಕಾಟ್ ವಾಸನ್ ಫ್ರೇಮ್‌ಗಳ ಅವಧಿಯನ್ನು ಒಂದೊಂದಾಗಿ ಅಳೆದು ಇದನ್ನು ತೋರಿಸಿಕೊಟ್ಟ ಮೇಲೆಯೇ ವಿಮರ್ಶೆಯ ರೀತಿ ಬದಲಾಯಿತು ಎಂಬುದು ನನ್ನ ಅಭಿಪ್ರಾಯ. ಇಂಟೆಲ್‌ನ ಪ್ರೆಸೆಂಟ್‌ಮಾನ್, ಕ್ಯಾಪ್‌ಫ್ರೇಮ್‌ಎಕ್ಸ್ ಮುಂತಾದ ಉಚಿತ ತಂತ್ರಾಂಶಗಳು ಈಗ ಆ ಕೆಲಸವನ್ನು ನಿಮ್ಮ ಮನೆಯಲ್ಲೇ ಮಾಡಿಕೊಡುತ್ತವೆ. ಗೇಮ್‌ನ ಒಂದೇ ದೃಶ್ಯವನ್ನು ಒಂದೇ ಸೆಟ್ಟಿಂಗ್‌ನಲ್ಲಿ ಕನಿಷ್ಠ ಮೂರು ಬಾರಿ ಆಡಿ, ಸರಾಸರಿಯ ಜೊತೆಗೆ ಅತಿ ನಿಧಾನದ ಶೇ 1ರಷ್ಟು ಫ್ರೇಮ್‌ಗಳ ಅಂಕಿಯನ್ನೂ ಕೊಡಿ. ಡ್ರೈವರ್ ಆವೃತ್ತಿಯನ್ನೂ ಬಯೋಸ್‌ನಲ್ಲಿ (ಕಂಪ್ಯೂಟರಿನ ಮೂಲ ಸೆಟ್ಟಿಂಗ್‌ಗಳಿರುವ ಕಡೆ) ಎಕ್ಸ್‌ಎಂಪಿ ಎಂಬ ಮೆಮೊರಿ ವೇಗದ ಸೆಟ್ಟಿಂಗ್ ಚಾಲೂ ಆಗಿತ್ತೇ ಎಂಬುದನ್ನೂ ಬರೆಯಿರಿ. ಅದು ಚಾಲೂ ಇಲ್ಲದಿದ್ದರೆ ರ‍್ಯಾಮ್ ಪೊಟ್ಟಣದ ಮೇಲಿನ ವೇಗದಲ್ಲಿ ಓಡದೇ ಇರಬಹುದು.

ಕೋಣೆಯ ಉಷ್ಣಾಂಶವನ್ನು ಮರೆಯಬೇಡಿ. 21 ಡಿಗ್ರಿಯ ಹವಾನಿಯಂತ್ರಿತ ಕೋಣೆಯಲ್ಲಿ ಪ್ರೊಸೆಸರನ್ನು ತಣ್ಣಗಿಟ್ಟ ಕೂಲರ್, ಏಪ್ರಿಲ್‌ನಲ್ಲಿ ನಿಮ್ಮೂರಿನ 35 ಡಿಗ್ರಿಯ ಕೋಣೆಯಲ್ಲಿ ಹೇಗಿರುತ್ತದೆ ಎಂದು ನಮ್ಮ ಓದುಗರಿಗೆ ತಿಳಿಯಬೇಕು.

ಉಚಿತ ಸಾಮಗ್ರಿಯ ಬಗ್ಗೆ: ಸ್ವೀಕರಿಸುವುದು ತಪ್ಪಲ್ಲ. ಆದರೂ ಮೊದಲ ವರ್ಷ ಸ್ನೇಹಿತರಿಂದ ಎರವಲು ಪಡೆದ ಅಥವಾ ಸ್ವಂತ ಹಣದಲ್ಲಿ ಕೊಂಡ ವಸ್ತುಗಳನ್ನೇ ಪರೀಕ್ಷಿಸಿ ಎನ್ನುತ್ತೇನೆ. ಅಂಗಡಿಯಿಂದ ತಂದದ್ದು ಎಲ್ಲರಿಗೂ ಸಿಗುವ ವಸ್ತು, ಕಂಪನಿ ಕಳುಹಿಸಿದ್ದು ಆರಿಸಿ ಕಳುಹಿಸಿದ್ದೂ ಆಗಿರಬಹುದು. ಸ್ವೀಕರಿಸಿದರೆ, ಪ್ರಕಟಣೆಗೆ ಮೊದಲು ಬರಹವನ್ನು ಕಂಪನಿಗೆ ತೋರಿಸಬೇಕೆಂಬ ಷರತ್ತಿಗೆ ಒಪ್ಪಬೇಡಿ. ಉಚಿತವಾಗಿ ಪಡೆದದ್ದನ್ನೂ ಖರೀದಿ ಲಿಂಕ್‌ನಿಂದ ಬರುವ ಕಮಿಷನ್ನನ್ನೂ ಬಹಿರಂಗಪಡಿಸಬೇಕೆಂದು ಕೇಂದ್ರ ಗ್ರಾಹಕ ವ್ಯವಹಾರಗಳ ಇಲಾಖೆ 2023ರ ಜನವರಿಯಲ್ಲಿ ಹೊರಡಿಸಿದ ಮಾರ್ಗಸೂಚಿ ಹೇಳುತ್ತದೆ. ಬರಹ ಯಾವ ಭಾಷೆಯಲ್ಲಿದೆಯೋ ಘೋಷಣೆಯೂ ಅದೇ ಭಾಷೆಯಲ್ಲಿರಬೇಕು. ಆದ್ದರಿಂದ ನಿಮ್ಮ ತಾಣದಲ್ಲಿ ಅದನ್ನು ಕನ್ನಡದಲ್ಲಿ, ವಿಮರ್ಶೆಯ ಆರಂಭದಲ್ಲೇ ಬರೆಯಿರಿ.