ಮಿಗ್‌–21 ಮಾದರಿಗೆ ಕೊಳೆ ಹಚ್ಚುವ ಮೊದಲು

ಪ್ರಶ್ನೆ: ಎಡುವಾರ್ಡ್ ಕಂಪನಿಯ 1:48 ಅಳತೆಯ ಮಿಗ್‌–21 ಬಿಸ್ ಕಿಟ್ ಜೋಡಿಸಿದ್ದೇನೆ. 2025ರ ಸೆಪ್ಟೆಂಬರ್ 26ರಂದು ಚಂಡೀಗಢದಲ್ಲಿ ಬೀಳ್ಕೊಟ್ಟ ಬೈಸನ್ ವಿಮಾನದ ಹಾಗೆ ಮಾಡಬೇಕು ಅಂತ ಇಡೀ ಮೈಗೆ ತಿಳಿ ಬೂದು ಬಣ್ಣ ಹೊಡೆದೆ. ಆಮೇಲೆ ಹಳೇದಾಗಿ ಕಾಣಲಿ ಅಂತ ಎಲ್ಲ ಪ್ಯಾನೆಲ್ ಗೆರೆಗಳಿಗೂ ಕಪ್ಪು ವಾಶ್ (ನೀರಿನಷ್ಟು ತೆಳು ಮಾಡಿದ ಬಣ್ಣ) ತುಂಬಿದೆ. ಈಗ ಅದು ಗ್ರಾಫ್ ಹಾಳೆಯ ಹಾಗಿದೆ. ಎಲ್ಲಿ ತಪ್ಪಿದೆ? — ದಾವಣಗೆರೆಯ ಓದುಗರು

ಉತ್ತರ: ಕೊಳೆಯ ಮಾತಿಗಿಂತ ಮೊದಲು ಗಾಜಿನ ಮಾತು. ಬಿಸ್ ಮತ್ತು ಬೈಸನ್ ಒಂದೇ ಅಲ್ಲ. ಬಿಸ್ ವಿಮಾನದ ಮುಂದಿನ ಗಾಜಿಗೆ ಚೌಕಟ್ಟಿದೆ, ನಡುವೆ ದಪ್ಪ ಚಪ್ಪಟೆ ಗಾಜಿದೆ. ಬೈಸನ್ ಆಗಿ ಮೇಲ್ದರ್ಜೆಗೇರಿದಾಗ ಆ ಜಾಗಕ್ಕೆ ಚೌಕಟ್ಟಿಲ್ಲದ, ಒಂದೇ ತುಂಡಿನ ಗಾಜು ಬಂತು. ರೆಡಾರ್ ಬದಲಾಯಿತು, ಆಂಟೆನಾಗಳು ಬದಲಾದವು. ಬೆನ್ನಿನ ಮೇಲೆ, ರೆಕ್ಕೆಯ ಬುಡದ ಹತ್ತಿರ, ಶತ್ರು ಕ್ಷಿಪಣಿಯ ದಾರಿ ತಪ್ಪಿಸುವ ಫ್ಲೇರ್ ಪೆಟ್ಟಿಗೆಗಳು ಕೂತವು. ಬರೀ ಬೂದು ಬಣ್ಣ ಹೊಡೆದರೆ ಬಿಸ್ ಬೈಸನ್ ಆಗುವುದಿಲ್ಲ. ಬೈಸನ್ನೇ ಬೇಕು ಅಂದರೆ ಕನಿಷ್ಠ ಆ ಗಾಜನ್ನಾದರೂ ಬದಲಿಸಿ. ಅದು ಕಷ್ಟ ಅನ್ನಿಸಿದರೆ ಹಳೇ ಹಸಿರು–ಕಂದು ಬಣ್ಣದ ಬಿಸ್ ಮಾಡಿ. ಅದೂ ನಮ್ಮದೇ ವಿಮಾನ, ನಾಸಿಕ್‌ನ ಎಚ್‌ಎಎಲ್‌ನಲ್ಲಿ ತಯಾರಾದದ್ದು. ಅದರಲ್ಲಿ ಕಡಿಮೆ ಏನೂ ಇಲ್ಲ.

ಈಗ ಗೆರೆಗಳ ವಿಷಯ. ಒಂದು ಸಣ್ಣ ಲೆಕ್ಕ ಮಾಡಿ. 1:48ರಲ್ಲಿ ಮಿಗ್‌ನ 7.15 ಮೀಟರ್ ರೆಕ್ಕೆ ಸುಮಾರು 15 ಸೆಂಟಿಮೀಟರ್ ಆಗುತ್ತದೆ. ಹಾಗಾದರೆ ನಿಮ್ಮ ಮಾದರಿಯ ಮೇಲಿನ ಅರ್ಧ ಮಿಲಿಮೀಟರ್ ಕಪ್ಪು ಗೆರೆ ನಿಜವಾದ ವಿಮಾನದಲ್ಲಿ 24 ಮಿಲಿಮೀಟರ್ ಅಗಲ. ಒಂದು ಹೆಬ್ಬೆರಳು ಒಳಗೆ ಹೋಗುವಷ್ಟು ಸಂದಿ! ಅಂಥ ಸಂದಿ ಇಟ್ಟುಕೊಂಡು ಯಾವ ವಿಮಾನವೂ ಶಬ್ದದ ಎರಡು ಪಟ್ಟು ವೇಗದಲ್ಲಿ ಹಾರುವುದಿಲ್ಲ. ಬಣ್ಣ ಕಿತ್ತುಹೋದ ಚುಕ್ಕೆಗಳಿಗೂ ಇದೇ ಲೆಕ್ಕ. ಒಂದು ಮಿಲಿಮೀಟರ್ ಚುಕ್ಕೆ ಅಂದರೆ ಹತ್ತಿರ ಹತ್ತಿರ ಐದು ಸೆಂಟಿಮೀಟರ್ ಬಣ್ಣ ಎದ್ದುಹೋಗಿದೆ ಎಂದರ್ಥ.

ಎಲ್ಲ ಗೆರೆಗೂ ಒಂದೇ ಕಪ್ಪು ಕೊಟ್ಟದ್ದು ಎರಡನೇ ತಪ್ಪು. ವಿಮಾನದ ಮೈಯಲ್ಲಿ ಕೆಲವು ಸಂದಿಗಳು ಪದೇ ಪದೇ ತೆರೆದುಕೊಳ್ಳುತ್ತವೆ, ಕೆಲವನ್ನು ವರ್ಷಗಟ್ಟಲೆ ಯಾರೂ ಮುಟ್ಟುವುದಿಲ್ಲ. ಮಿಗ್‌–21ರ ಎಂಜಿನ್ ಹೊರತೆಗೆಯಬೇಕಾದರೆ ಅದರ ಇಡೀ ಹಿಂಭಾಗವನ್ನೇ ಕಳಚಿ ಹಿಂದಕ್ಕೆ ಎಳೆಯುತ್ತಾರೆ. ರೆಕ್ಕೆಯ ಹಿಂದೆ ಮೈಸುತ್ತ ಒಂದು ಗೆರೆ ಹೋಗುತ್ತದಲ್ಲ, ಅದೇ ಆ ಕೀಲು. ಅಲ್ಲಿ ಸ್ಪ್ಯಾನರ್ ತಾಗಿರುತ್ತದೆ, ಗ್ರೀಸ್ ಕೈ ತಾಗಿರುತ್ತದೆ. ಆ ಗೆರೆ ಗಾಢವಾಗಿರಲಿ. ಹೊಟ್ಟೆಯ ಕೆಳಗಿನ ಜಿಎಸ್‌ಎಚ್‌–23 ಫಿರಂಗಿಯ ಬಾಯಿಯಿಂದ ಹಿಂದಕ್ಕೆ ಹೊಗೆಯ ಮಸಿ ಎಳೆದಿರಲಿ. ರೆಕ್ಕೆಯ ಬುಡದಲ್ಲಿ ಸಿಬ್ಬಂದಿ ಕಾಲಿಡುವ ಕಡೆ ಸ್ವಲ್ಪ ಮಣ್ಣುಬಣ್ಣ ಸಾಕು. ರೆಕ್ಕೆಯ ನಡುವಿನ ಗೆರೆಗಳಿಗೆ ಮೂಲ ಬೂದಿಗಿಂತ ಒಂದೆರಡು ಛಾಯೆ ಗಾಢ ಬೂದು ಇದ್ದರೆ ಆಯಿತು. ಕಪ್ಪು ಅಲ್ಲಿ ಬೇಡವೇ ಬೇಡ.

ತಿದ್ದುವ ದಾರಿ ಇದೆ, ಗಾಬರಿಯಾಗಬೇಡಿ. ವಾಶ್ ಎನಾಮೆಲ್‌ನದ್ದು, ಕೆಳಗಿನ ಬಣ್ಣ ಅಕ್ರಿಲಿಕ್ ಅಥವಾ ಲ್ಯಾಕರ್ ಆಗಿದ್ದರೆ ವೈಟ್ ಸ್ಪಿರಿಟ್‌ನಲ್ಲಿ ಸ್ವಲ್ಪವೇ ಒದ್ದೆ ಮಾಡಿದ ಹತ್ತಿಕಡ್ಡಿಯಿಂದ ಒರೆಸಿ. ಮೂಗಿನಿಂದ ಬಾಲದ ಕಡೆಗೆ ಮಾತ್ರ ಒರೆಸಿ. ಉಳಿದ ಕಲೆ ಗಾಳಿ ಎಳೆದ ಹಾಗೆಯೇ ಕಾಣುತ್ತದೆ.

ಆಮೇಲೆ ಎಣ್ಣೆ ಬಣ್ಣ ತೆಗೆದುಕೊಳ್ಳಿ. ಚಿತ್ರಕಲಾವಿದರು ಬಳಸುವ ಟ್ಯೂಬ್ ಬಣ್ಣವೇ ಸಾಕು. ಬಿಳಿ, ಗಾಢ ಕಂದು, ಸ್ವಲ್ಪ ನೀಲಿ. ಮೂರನ್ನೂ ರಟ್ಟಿನ ಚೂರಿನ ಮೇಲೆ ಹಿಂಡಿ ಒಂದು ಗಂಟೆ ಬಿಡಿ. ಅಗಸೆ ಎಣ್ಣೆಯನ್ನು ರಟ್ಟು ಹೀರಿಕೊಂಡು ಬಣ್ಣದ ಸುತ್ತ ಒಂದು ಜಿಡ್ಡಿನ ಉಂಗುರ ಮೂಡುತ್ತದೆ. ಈಗ ಒಂದೇ ಒಂದು ಪ್ಯಾನೆಲ್ ಆರಿಸಿ. ಗುಂಡುಪಿನ್ನಿನ ತಲೆಯಷ್ಟು ಚುಕ್ಕೆಗಳನ್ನು ಸಾಸಿವೆ ಚೆಲ್ಲಿದ ಹಾಗೆ ಅಲ್ಲಲ್ಲಿ ಇಡಿ. ವೈಟ್ ಸ್ಪಿರಿಟ್‌ಗೆ ಅದ್ದಿ, ಬಟ್ಟೆಗೆ ಒತ್ತಿ, ಬಹುಪಾಲು ಒಣಗಿದ ಚಪ್ಪಟೆ ಬ್ರಷ್‌ನಿಂದ ಹಿಂದಕ್ಕೆ ಎಳೆಯಿರಿ. ಮತ್ತೆ ಎಳೆಯಿರಿ. ಚುಕ್ಕೆಗಳು ಕರಗಿ, ಬಿಸಿಲಿಗೆ ಬಾಡಿದ ಬೂದು ಬಣ್ಣ ಕಣ್ಣೆದುರೇ ಹುಟ್ಟುತ್ತದೆ. ಕಾಣಿಸಿತೋ ಇಲ್ಲವೋ ಅನ್ನುವಾಗ ನಿಲ್ಲಿಸಿ, ಮುಂದಿನ ಪ್ಯಾನೆಲ್‌ಗೆ ಹೋಗಿ. ಒಂದೆರಡು ಕಡೆ ಸ್ವಲ್ಪ ಬೇರೆ ಬೂದಿನಲ್ಲಿ ತೇಪೆ ಹಾಕಿ. ಒಂದೇ ಬಣ್ಣದ ವಿಮಾನಕ್ಕೆ ಜೀವ ಬರುವುದೇ ಅಂಥ ತೇಪೆಗಳಿಂದ.

ಪ್ರಶ್ನೆ: ನಿವೃತ್ತ ವಿಮಾನ ಅಂದಮೇಲೆ ತುಕ್ಕು, ಪಾಚಿ ಎಲ್ಲ ಹಾಕಬಹುದಲ್ವಾ? — ಬೆಂಗಳೂರಿನ ಕಾಲೇಜು ವಿದ್ಯಾರ್ಥಿ

ಉತ್ತರ: ಹಾಕಬಹುದು. ಆದರೆ ನೀವು ಮಾಡುತ್ತಿರುವುದು ಹಾರುವ ವಿಮಾನವೋ, ಕಂಬದ ಮೇಲೆ ನಿಂತ ಸ್ಮಾರಕವೋ ಅಂತ ಮೊದಲು ತೀರ್ಮಾನಿಸಿ. ಎರಡರ ಕೊಳೆಯೂ ಬೇರೆ. ಹಾರುವ ವಿಮಾನದ ಎಣ್ಣೆ, ಮಸಿ ಎಲ್ಲ ಹಿಂದಕ್ಕೆ ಓಡುತ್ತವೆ. ನಿಂತ ವಿಮಾನದಲ್ಲಿ ಮಳೆನೀರು ನೇರ ಕೆಳಕ್ಕೆ ಇಳಿಯುತ್ತದೆ. ಹಾರುವ ವಿಮಾನವನ್ನು ದಿನಾ ಯಾರಾದರೂ ಒರೆಸುತ್ತಾರೆ. ಸ್ಮಾರಕಕ್ಕೆ ಹಳೇ ಬಣ್ಣದ ಮೇಲೆ ಹೊಸ ಬಣ್ಣ, ಅದರ ಮೇಲೆ ಮತ್ತೊಂದು. ಸಣ್ಣ ಗೆರೆಗಳೆಲ್ಲ ಮುಚ್ಚಿಹೋಗಿರುತ್ತವೆ. ಟೈರ್ ಕುಸಿದಿರುತ್ತದೆ, ಗಾಜು ಮಂಕಾಗಿರುತ್ತದೆ, ಬೆನ್ನಿನ ಬಣ್ಣ ಬಿಸಿಲಿಗೆ ಸುಣ್ಣದ ಹಾಗೆ ಬೆಳ್ಳಗಾಗಿರುತ್ತದೆ. ಇನ್ನು ತುಕ್ಕು: ಮಿಗ್‌ನ ಮೈ ಬಹುಪಾಲು ಅಲ್ಯೂಮಿನಿಯಂ ಮಿಶ್ರಲೋಹ. ಅದಕ್ಕೆ ಕೆಂಪು ತುಕ್ಕು ಹಿಡಿಯುವುದಿಲ್ಲ. ಉಕ್ಕಿನ ಬೋಲ್ಟು, ಕೀಲುಗಳ ಹತ್ತಿರ ಒಂದೆರಡು ಚುಕ್ಕೆ ಇರಲಿ, ಅಷ್ಟೇ.

ನೀವು ಬೆಂಗಳೂರಿನಲ್ಲೇ ಇದ್ದೀರಿ. ಕಸ್ತೂರಬಾ ರಸ್ತೆಯ ವಿಶ್ವೇಶ್ವರಯ್ಯ ವಸ್ತುಸಂಗ್ರಹಾಲಯದಲ್ಲಿ ಎಚ್‌ಎಫ್‌–24 ಮಾರುತ್ ಯುದ್ಧವಿಮಾನ ಇದೆ. ಜರ್ಮನ್ ವಿನ್ಯಾಸಕಾರ ಕುರ್ಟ್ ಟ್ಯಾಂಕ್ ಅವರ ತಂಡ ವಿನ್ಯಾಸ ಮಾಡಿ, ಎಚ್‌ಎಎಲ್ ನಮ್ಮ ಊರಿನಲ್ಲೇ ಕಟ್ಟಿ, 1961ರ ಜೂನ್ 17ರಂದು ಮೊದಲ ಸಲ ಹಾರಿಸಿದ ವಿಮಾನ. ಒಂದು ಗಂಟೆ ಅದರ ಸುತ್ತ ಸುಮ್ನೆ ಓಡಾಡಿ ಬನ್ನಿ. ಸ್ಮಾರಕ ಮಾಡುವುದಾದರೆ ಅದರಷ್ಟು ಒಳ್ಳೆಯ ಪಾಠ ಬೇರೆ ಇಲ್ಲ. ಸ್ಕ್ವಾಡ್ರನ್‌ನಲ್ಲಿ ಹಾರುತ್ತಿದ್ದ ವಿಮಾನ ಮಾಡುವುದಾದರೆ ಮಾತ್ರ ಅಲ್ಲಿನ ಬಣ್ಣ ನಂಬಬೇಡಿ, ಆ ಕಾಲದ ಫೋಟೊ ಹುಡುಕಿ.

ಪ್ರಶ್ನೆ: ಜುಲೈನಲ್ಲಿ ಕ್ಲಿಯರ್ ಲ್ಯಾಕರ್ ಹೊಡೆದೆ. ಇಡೀ ರೆಕ್ಕೆ ಹಾಲು ಚೆಲ್ಲಿದ ಹಾಗೆ ಬೆಳ್ಳಗಾಯಿತು. ಡೆಕಾಲ್‌ಗಳ (ನೀರಿನಲ್ಲಿ ನೆನೆಸಿ ಅಂಟಿಸುವ ಗುರುತುಗಳ) ಸುತ್ತಲೂ ಬೆಳ್ಳಿ ಅಂಚು ಬಂದಿದೆ. — ಮಂಗಳೂರಿನ ಓದುಗರು

ಉತ್ತರ: ಕರಾವಳಿಯ ಮಳೆಗಾಲದಲ್ಲಿ ಇದು ಆಗುವಂಥದ್ದೇ. ಲ್ಯಾಕರ್‌ನ ತಿನ್ನರ್ ಬೇಗ ಆವಿಯಾಗುವಾಗ ಮೇಲ್ಮೈ ತಣ್ಣಗಾಗುತ್ತದೆ, ಗಾಳಿಯ ತೇವ ಅಲ್ಲಿ ಕೂತು ಪದರದೊಳಗೆ ಸಿಕ್ಕಿಬೀಳುತ್ತದೆ. ಮಳೆ ಬಿಟ್ಟ ಒಣ ದಿನ ನೋಡಿ ಮಿಸ್ಟರ್ ಕಲರ್ ಲೆವೆಲಿಂಗ್ ತಿನ್ನರ್‌ನಂಥ ನಿಧಾನ ಒಣಗುವ ತಿನ್ನರ್ ಅನ್ನು ಮಂಜಿನ ಹಾಗೆ ತೆಳುವಾಗಿ ಹೊಡೆಯಿರಿ. ಪದರ ಮೆತ್ತಗಾಗಿ ತೇವ ಹೊರಹೋಗುತ್ತದೆ, ಬಿಳುಪು ಬಹುಮಟ್ಟಿಗೆ ಇಳಿಯುತ್ತದೆ. ಡೆಕಾಲ್ ಇರುವ ಕಡೆ ಮಾತ್ರ ಕೈ ಬಿಗಿ ಹಿಡಿಯಿರಿ, ತಿನ್ನರ್ ಜಾಸ್ತಿಯಾದರೆ ಅವು ಸುಕ್ಕಾಗುತ್ತವೆ.

ಬೆಳ್ಳಿ ಅಂಚಿಗೆ ಕಾರಣ ಬೇರೆ. ಒರಟು ಮೇಲ್ಮೈ ಮೇಲೆ ಡೆಕಾಲ್ ಕೂರಿಸಿದಾಗ ಅಡಿಯಲ್ಲಿ ಗಾಳಿ ಉಳಿಯುತ್ತದೆ. ಸೂಜಿಯಿಂದ ಸಣ್ಣಗೆ ಚುಚ್ಚಿ ಡೆಕಾಲನ್ನು ಮೆತ್ತಗೆ ಮಾಡುವ ಮೈಕ್ರೋ ಸಾಲ್ ದ್ರವ ಹಚ್ಚಿ. ಆದರೆ ಮೇಲೆ ಈಗಾಗಲೇ ಲ್ಯಾಕರ್ ಪದರ ಇರುವುದರಿಂದ ಪೂರ್ತಿ ಸರಿಹೋಗುತ್ತದೆ ಅಂತ ಹೇಳಲಾರೆ. ಮುಂದಿನ ಸಲ ಮೊದಲು ಹೊಳಪಿನ ಪದರ, ಆಮೇಲೆ ಡೆಕಾಲ್, ಮತ್ತೆ ಹೊಳಪು, ವಾಶ್, ಕೊನೆಗೆ ಮ್ಯಾಟ್, ಅಂದರೆ ಹೊಳಪಿಲ್ಲದ ಪದರ. ಈ ಕ್ರಮ ತಪ್ಪಿಸಬೇಡಿ.

ಪ್ರಶ್ನೆ: 1971ರ ಯುದ್ಧಕಾಲದ ಬೆಳ್ಳಿ ಬಣ್ಣದ ಮಿಗ್‌–21 ಎಫ್‌ಎಲ್ ಮಾಡುವಾಸೆ. ಲೋಹದ ಹೊಳಪು ಹೇಗೆ ತರುವುದು? ಮೂಗಿನ ಕಡ್ಡಿ ಈಗಾಗಲೇ ಎರಡು ಸಲ ಮುರಿಯಿತು. — ಮೈಸೂರಿನ ಗೃಹಿಣಿ

ಉತ್ತರ: ಹೊಳೆಯುವ ಕಪ್ಪು ಬಣ್ಣದ ಮೇಲೆ ಆಲ್‌ಕ್ಲಾಡ್‌ನಂಥ ಲೋಹದ ಲ್ಯಾಕರ್ ಅನ್ನು ಕಡಿಮೆ ಒತ್ತಡದಲ್ಲಿ, ತೆಳು ಪದರಗಳಲ್ಲಿ ಹೊಡೆಯಿರಿ. ಕಪ್ಪಿನ ಮೇಲೆ ಒಂದು ಕೂದಲು ಕೂತಿದ್ದರೂ ಲೋಹದಲ್ಲಿ ಎದ್ದು ಕಾಣುತ್ತದೆ, ಹಾಗಾಗಿ ಉಜ್ಜಿ ನಯ ಮಾಡುವುದಕ್ಕೇ ಜಾಸ್ತಿ ಹೊತ್ತು ಕೊಡಿ. ಕನ್ನಡಿಯಂಥ ಹೊಳಪು ಬೇಡ. ನಿಮ್ಮ ಅಡುಗೆಮನೆಯ ಹಳೇ ಅಲ್ಯೂಮಿನಿಯಂ ಪಾತ್ರೆ ಎದುರಿಗಿಟ್ಟುಕೊಳ್ಳಿ. ಆ ಮಂಕು ಬೆಳ್ಳಿಯೇ ಸರಿಯಾದದ್ದು. ಬಾಲದ ತುದಿಯಲ್ಲಿ ನಳಿಕೆಯ ಸುತ್ತಲಿನ ಉಂಗುರಕ್ಕೆ ಮಾತ್ರ ಒಲೆಯ ಮೇಲೆ ಕಾದ ಉಕ್ಕಿನ ಬಣ್ಣ ಕೊಡಿ: ಒಣಹುಲ್ಲಿನ ಹಳದಿ, ಆಮೇಲೆ ನೇರಳೆ, ಕೊನೆಗೆ ನೀಲಿ. ಯುದ್ಧದ ಹೊತ್ತಿಗೆ ಕೆಲವು ಎಫ್‌ಎಲ್‌ಗಳ ಬೆಳ್ಳಿಯ ಮೇಲೆ ಆತುರದಲ್ಲಿ ಮರೆಬಣ್ಣ ಬಳಿದಿದ್ದರು. ಅದನ್ನೂ ಮಾಡಬಹುದು. ಒಂದು ನಿರ್ದಿಷ್ಟ ವಿಮಾನದ ಫೋಟೊ ಸಿಕ್ಕರೆ ಮಾತ್ರ ಕೈ ಹಾಕಿ.

ಮೂಗಿನ ಕಡ್ಡಿ, ಅಂದರೆ ವಿಮಾನದ ವೇಗ ಅಳೆಯುವ ಪಿಟೋ ನಳಿಗೆ, ಪ್ಲಾಸ್ಟಿಕ್‌ನದ್ದು ಮತ್ತೆ ಮತ್ತೆ ಮುರಿಯುತ್ತದೆ. ಅದನ್ನು ಬಿಟ್ಟು ಹೊಸ ಇಂಜೆಕ್ಷನ್ ಸೂಜಿಯ ತುದಿ ಕತ್ತರಿಸಿ ಬಳಸಿ, ಅಥವಾ ಸಣ್ಣ ಹಿತ್ತಾಳೆ ಕೊಳವೆ. ಎಫ್‌ಎಲ್‌ನಲ್ಲಿ ಅದು ಮೂಗಿನ ಮೇಲ್ಭಾಗದ ನಡುವೆಯೇ ಇರುತ್ತದೆ, ಬಿಸ್‌ನಲ್ಲಿ ಬಲಕ್ಕೆ ಸರಿದಿರುತ್ತದೆ. ರಂಧ್ರ ಕೊರೆಯುವ ಮೊದಲು ಇದನ್ನು ನೋಡಿಕೊಳ್ಳಿ. ಮ್ಯಾಟ್ ಪದರ ಒಣಗಿ, ಚಕ್ರ ಕೂರಿಸಿ, ಮಾದರಿಯನ್ನು ಕಪಾಟಿನಲ್ಲಿ ಇಡುವ ದಿನ ಅದನ್ನು ಅಂಟಿಸಿ.