ಆದೇಶದ ಕಾಗದ ಮೊದಲು, ನಾಲ್ಕು ಸಾವಿರ ಆಮೇಲೆ

ಓದುಗರ ಪತ್ರ: "ನನ್ನ ಮಗನ ಜೊತೆ ಹತ್ತನೇ ತರಗತಿ ಓದುವ ಹುಡುಗ, 15 ತುಂಬಿದೆ. ತಾಯಿ ತೀರಿಕೊಂಡಿದ್ದಾರೆ. ತಂದೆ ತೋಟದ ಕೆಲಸ ಬಿಟ್ಟು ಎಲ್ಲೋ ಹೋದರು, ಫೋನ್ ಸಿಗುತ್ತಿಲ್ಲ. ಅವರಿದ್ದ ತೋಟದ ಕಾರ್ಮಿಕರ ಲೈನ್ ಮನೆಗೆ ಬೇರೆ ಕುಟುಂಬ ಬಂತು. ಕಕ್ಕಡ ತಿಂಗಳ ಮಳೆಯಲ್ಲಿ ಬಸ್ ತಂಗುದಾಣದಲ್ಲಿ ಮಲಗುತ್ತಿದ್ದವನನ್ನು ಮನೆಗೆ ಕರೆತಂದು ಮೂರು ವಾರವಾಯಿತು. ನಮ್ಮದು ಸಣ್ಣ ಅಂಗಡಿ, ಮುಕ್ಕಾಲು ಎಕರೆ ಕಾಫಿ, ಇಬ್ಬರು ಮಕ್ಕಳು. ಹೀಗೆ ಸಾಕುವವರಿಗೆ ಸರ್ಕಾರ ಹಣ ಕೊಡುತ್ತದಂತೆ, ನಿಜವೇ? ಅನ್ನ ಹಾಕಿದ್ದಕ್ಕೆ ದುಡ್ಡು ಕೇಳುವುದೇ ಎಂದು ನಮ್ಮ ಮನೆಯವರಿಗೆ ಮುಜುಗರ. ಪೊಲೀಸ್ ಕೇಸಾಗುತ್ತದೆ ಎಂದು ನೆಂಟರು ಹೆದರಿಸುತ್ತಿದ್ದಾರೆ. ಕಚೇರಿಗೆ ಹೋದರೆ ಹುಡುಗನನ್ನೇ ಕರೆದುಕೊಂಡು ಹೋಗಿಬಿಡುತ್ತಾರೆಯೇ?"

ಸಂಪಾದಕರ ಉತ್ತರ:

ನಿಮ್ಮ ಹೆಸರು, ಊರು, ಹುಡುಗನ ಶಾಲೆ ಯಾವುದನ್ನೂ ಇಲ್ಲಿ ಅಚ್ಚು ಹಾಕಿಲ್ಲ. ರಕ್ಷಣೆ ಬೇಕಾದ ಮಗುವಿನ ಗುರುತು ಹೊರಗೆ ಬರಬಾರದು ಎಂದು 2015ರ ಬಾಲನ್ಯಾಯ ಕಾಯ್ದೆ ಹೇಳುತ್ತದೆ. ನೀವೂ ಅವನ ಫೋಟೊವನ್ನು ವಾಟ್ಸ್ಆ್ಯಪ್ ಗುಂಪಿಗೆ ಹಾಕಿ "ಇವನ ತಂದೆಯನ್ನು ಕಂಡಿರಾ" ಎಂದು ಕೇಳಲು ಹೋಗಬೇಡಿ. ತಂದೆಯನ್ನು ಹುಡುಕಿಸುವ ಕೆಲಸಕ್ಕೆ ಬೇರೆ ದಾರಿಯಿದೆ, ಮುಂದೆ ಹೇಳುತ್ತೇವೆ.

ಹಣ ಕೊಡುವುದು ನಿಜ. ಕೇಂದ್ರದ ಮಿಷನ್ ವಾತ್ಸಲ್ಯ ಯೋಜನೆಯಲ್ಲಿ ಮಗುವೊಂದಕ್ಕೆ ತಿಂಗಳಿಗೆ 4,000 ರೂಪಾಯಿ ಇದೆ. ಆದರೆ ಮಗುವನ್ನು ಮನೆಗೆ ಕರೆತಂದ ಮಾತ್ರಕ್ಕೆ ಅದು ಬರುವುದಿಲ್ಲ. ಮಕ್ಕಳ ಕಲ್ಯಾಣ ಸಮಿತಿ "ಈ ಮಗು ಈ ಮನೆಯಲ್ಲಿರಲಿ" ಎಂದು ಆದೇಶ ಬರೆದ ಮೇಲೆ ಮಾತ್ರ ಆ ಹಣಕ್ಕೆ ದಾರಿ ತೆರೆಯುತ್ತದೆ. ಇವತ್ತು ನಿಮ್ಮಲ್ಲಿ ಇಲ್ಲದಿರುವುದು ಆ ಕಾಗದ. ಹಣಕ್ಕಿಂತ ಮುಂಚೆ ಅದು ಬೇಕು, ಏಕೆಂದರೆ ನಿಮ್ಮ ನೆಂಟರ ಹೆದರಿಕೆಗೆ ಉತ್ತರವೂ ಅದರಲ್ಲೇ ಇದೆ.

ಅವರು ಹೇಳುವುದು ಪೂರ್ತಿ ಸುಳ್ಳೇನೂ ಅಲ್ಲ. ಪೋಷಕರಿಂದ ಬೇರ್ಪಟ್ಟ ಮಗು ಸಿಕ್ಕರೆ 24 ಗಂಟೆಯೊಳಗೆ 1098 ಸಹಾಯವಾಣಿಗೆ, ಹತ್ತಿರದ ಠಾಣೆಗೆ, ಮಕ್ಕಳ ಕಲ್ಯಾಣ ಸಮಿತಿಗೆ ಅಥವಾ ಜಿಲ್ಲಾ ಮಕ್ಕಳ ರಕ್ಷಣಾ ಘಟಕಕ್ಕೆ ತಿಳಿಸಬೇಕು. ತಿಳಿಸದಿದ್ದರೆ ಆರು ತಿಂಗಳವರೆಗೆ ಜೈಲು ಅಥವಾ 10,000 ರೂಪಾಯಿ ದಂಡ ಎಂದು ಕಾಯ್ದೆಯಲ್ಲಿದೆ. ನಾಳೆ ತಂದೆ ಬಂದು ಮಗ ಕಾಣೆಯಾಗಿದ್ದಾನೆಂದು ದೂರು ಕೊಟ್ಟರೆ, ಯಾರಿಗೂ ತಿಳಿಸದೆ ಇಟ್ಟುಕೊಂಡ ಮನೆಯವರ ಮೇಲೆ ಮಗುವನ್ನು ಕರೆದೊಯ್ದ ಆರೋಪ ಬರಬಹುದು. ಮೂರು ವಾರ ತಡವಾಗಿದೆ, ನಾಲ್ಕನೆಯದು ಆಗಬಾರದು. ಈ ಪತ್ರಿಕೆ ಕೈಗೆ ಬಂದ ದಿನವೇ 1098ಕ್ಕೆ ಕರೆ ಮಾಡಿ. ಕರೆ ಉಚಿತ, ರಾತ್ರಿಯೂ ಎತ್ತುತ್ತಾರೆ. ಹುಡುಗ ಯಾವ ದಿನ ಬಂದ, ಎಲ್ಲಿ ಮಲಗುತ್ತಿದ್ದ, ಯಾರು ಕಳಿಸಿದರು ಎಂಬುದನ್ನು ಇದ್ದಂತೆ ಹೇಳಿ. ಅಷ್ಟು ದಿನ ತಿಳಿಸದಿದ್ದುದಕ್ಕೆ ಕಾರಣ ಕೇಳಿದರೆ ನಿಯಮ ಗೊತ್ತಿರಲಿಲ್ಲ ಎಂದೇ ಹೇಳಿ. ದಿನಾಂಕ ಹಿಂದೆಮುಂದೆ ಮಾಡಬೇಡಿ. ಶಾಲೆಯವರು, ಅಂಗನವಾಡಿ ಕಾರ್ಯಕರ್ತೆ, ಅಕ್ಕಪಕ್ಕದ ಮನೆಯವರು ಎಲ್ಲರನ್ನೂ ವಿಚಾರಿಸುತ್ತಾರೆ. ಆಗ ಒಂದು ಸುಳ್ಳು ಸಿಕ್ಕಿಬಿದ್ದರೆ ಉಳಿದ ಒಳ್ಳೆಯತನವೆಲ್ಲ ಅನುಮಾನಕ್ಕೆ ಬೀಳುತ್ತದೆ.

ಕರೆ ಮಾಡಿದ ಮೇಲೆ ಹುಡುಗನನ್ನು ಸಮಿತಿಯ ಮುಂದೆ ನೀವೇ ಹಾಜರುಪಡಿಸಬಹುದು. ಪೊಲೀಸರೇ ಕರೆದೊಯ್ಯಬೇಕೆಂದಿಲ್ಲ, ಕಾಳಜಿಯುಳ್ಳ ಯಾವ ನಾಗರಿಕರಿಗೂ ಆ ಅಧಿಕಾರವಿದೆ. ಅಧ್ಯಕ್ಷರೂ ಸೇರಿ ಐವರ ಸಮಿತಿ ಅದು. ಕನಿಷ್ಠ ಒಬ್ಬರು ಮಹಿಳೆ ಇರಲೇಬೇಕು. ತಿಂಗಳಿಗೆ ಕನಿಷ್ಠ 20 ದಿನ ಕೂರಬೇಕು, ಕೂರದ ದಿನ ಒಬ್ಬ ಸದಸ್ಯರ ಮುಂದೆಯೂ ಹಾಜರುಪಡಿಸಬಹುದು. ಆದರೂ ಸಮಿತಿ ಕೂರುವ ಮಡಿಕೇರಿಗೆ ಬಸ್ ಹತ್ತುವ ಮುಂಚೆ ಫೋನ್ ಮಾಡಿ ಹೊತ್ತು ಕೇಳಿಕೊಳ್ಳಿ. ನಿಮ್ಮಿಬ್ಬರ ಆಧಾರ್, ಪಡಿತರ ಚೀಟಿ, ನಾಲ್ಕು ನಾಲ್ಕು ಫೋಟೊ ಒಯ್ಯಿರಿ. ಹುಡುಗನದು ಶಾಲೆಯ ವ್ಯಾಸಂಗ ಪ್ರಮಾಣಪತ್ರ, ಆಧಾರ್ ಇದ್ದರೆ ಅದು, ತಾಯಿಯ ಮರಣ ಪತ್ರ ಸಿಕ್ಕರೆ ಅದು. ತಂದೆ ಕೊನೆಗೆ ಕೆಲಸ ಮಾಡಿದ ತೋಟ, ಅಲ್ಲಿನ ಮೇಸ್ತ್ರಿಯ ಹೆಸರು, ಹಳೆಯ ಫೋನ್ ನಂಬರ್, ಅವರ ಹುಟ್ಟೂರು ಇಷ್ಟನ್ನೂ ಒಂದು ಹಾಳೆಯಲ್ಲಿ ಬರೆದುಕೊಳ್ಳಿ. ತಂದೆಯನ್ನು ಹುಡುಕಿಸುವುದು ಸಮಿತಿಯ ಕೆಲಸ, ಆ ಹಾಳೆ ಅದಕ್ಕೆ ಬೇಕು. ಯಾವುದೋ ದಾಖಲೆ ಇಲ್ಲವೆಂದು ಹೋಗುವುದನ್ನು ಮುಂದೂಡಬೇಡಿ. ವಯಸ್ಸಿನ ದಾಖಲೆ ಇಲ್ಲದಿದ್ದರೂ ಸಮಿತಿಯೇ ನಿರ್ಧರಿಸುತ್ತದೆ: ಮೊದಲು ಶಾಲೆಯ ಜನ್ಮದಿನಾಂಕ, ಅದಿಲ್ಲದಿದ್ದರೆ ಪಂಚಾಯಿತಿ ಅಥವಾ ಪುರಸಭೆಯ ಜನನ ಪತ್ರ, ಎರಡೂ ಇಲ್ಲದಾಗ ಮಾತ್ರ ವೈದ್ಯಕೀಯ ಪರೀಕ್ಷೆ.

ಅವನನ್ನು ಕರೆದುಕೊಂಡು ಹೋಗಿಬಿಡುತ್ತಾರೆಯೇ ಎಂಬ ಪ್ರಶ್ನೆಗೆ ನೇರ ಉತ್ತರ: ವಿಚಾರಣೆ ಮುಗಿಯುವವರೆಗೆ ಬಾಲಮಂದಿರದಲ್ಲಿ ಇರಿಸಲು ಸಮಿತಿಗೆ ಅಧಿಕಾರವಿದೆ. ನಿಮ್ಮನ್ನು ಪರಿಶೀಲಿಸಿ "ಯೋಗ್ಯ ವ್ಯಕ್ತಿ" ಎಂದು ಗುರುತಿಸಿ ತಾತ್ಕಾಲಿಕವಾಗಿ ನಿಮ್ಮ ಮನೆಯಲ್ಲೇ ಬಿಡಲೂ ಅಧಿಕಾರವಿದೆ. ಎರಡನೆಯದು ಬೇಕಿದ್ದರೆ ಮೊದಲ ದಿನವೇ ಲಿಖಿತ ಮನವಿ ಕೊಡಿ, ದಂಪತಿ ಇಬ್ಬರೂ ಸಹಿ ಮಾಡಿ. ಬಾಯಲ್ಲಿ ಕೇಳಿದ್ದು ಕಡತದಲ್ಲಿ ಉಳಿಯುವುದಿಲ್ಲ. ಅವನು ಈ ವರ್ಷ ಎಸ್ಸೆಸ್ಸೆಲ್ಸಿ, ಶಾಲೆ ಬದಲಾದರೆ ಓದು ಕೆಡುತ್ತದೆ ಎಂಬ ಕಾರಣವನ್ನೂ ಬರೆಯಿರಿ, ಮುಖ್ಯೋಪಾಧ್ಯಾಯರಿಂದ ಅದೇ ಅರ್ಥದ ಪತ್ರ ತನ್ನಿ. ಎಲ್ಲಕ್ಕಿಂತ ತೂಕದ್ದು ಹುಡುಗನ ಮಾತು. ಅವನ ಅಭಿಪ್ರಾಯ ಕೇಳಬೇಕೆಂಬುದು ಕಾಯ್ದೆಯ ಮೂಲತತ್ವಗಳಲ್ಲೊಂದು. "ಹೀಗೆ ಹೇಳು" ಎಂದು ಅವನಿಗೆ ಪಾಠ ಮಾಡಿಸಬೇಡಿ. ಹೋಗುವುದು ಎಲ್ಲಿಗೆ, ಯಾಕೆ, ಅಲ್ಲಿ ಏನೇನಾಗಬಹುದು ಎಂಬುದನ್ನು ಹಿಂದಿನ ರಾತ್ರಿ ಕೂರಿಸಿ ಹೇಳಿ. ಒಮ್ಮೆ ಮನೆಯಿಂದ ಹೊರಬಿದ್ದ ಹುಡುಗ, ಮತ್ತೆ ಎಲ್ಲೋ ಬಿಟ್ಟು ಬರುತ್ತಾರೆ ಅನ್ನಿಸಿದರೆ ಬಸ್‌ಸ್ಟ್ಯಾಂಡಿನಲ್ಲೇ ಓಡಿಹೋದಾನು.

ಈಗ ಹಣದ ವಿಷಯ. ಇದರಲ್ಲಿ ಎರಡು ಯೋಜನೆಗಳನ್ನು ಜನ ಒಂದೇ ಎಂದುಕೊಂಡು ತಪ್ಪು ಅರ್ಜಿ ಹಾಕುತ್ತಾರೆ. ಮಗು ತನ್ನ ತಾಯಿಯ ಜೊತೆಗೋ, ಅಜ್ಜಿ, ಸೋದರಮಾವ, ಚಿಕ್ಕಮ್ಮನಂಥ ಬಂಧುಗಳ ಜೊತೆಗೋ ಇದ್ದರೆ ಅದು ಪ್ರಾಯೋಜಕತ್ವ. ಅದಕ್ಕೆ ಆದಾಯದ ಮಿತಿ ಇದೆ: ಗ್ರಾಮೀಣ ಪ್ರದೇಶದಲ್ಲಿ ವರ್ಷಕ್ಕೆ 72,000 ರೂಪಾಯಿ, ಉಳಿದೆಡೆ 96,000. ನಾಡಕಚೇರಿಯ ಆದಾಯ ಪ್ರಮಾಣಪತ್ರ ಬೇಕು. ರಕ್ತಸಂಬಂಧವಿಲ್ಲದ ನಿಮ್ಮಂಥ ಮನೆಯಲ್ಲಿ ಸಮಿತಿಯ ಆದೇಶದಿಂದ ಮಗು ಬೆಳೆದರೆ ಅದು ಪೋಷಕತ್ವ. ಇಲ್ಲಿ ಲೆಕ್ಕ ತಿರುಗಾಮುರುಗಾ. ಬಡತನ ತೋರಿಸಿದರೆ ಕೆಲಸವಾಗುವುದಿಲ್ಲ, ಈ ಹಣ ಬರದ ತಿಂಗಳೂ ಮಗುವನ್ನು ನೋಡಿಕೊಳ್ಳುವಷ್ಟು ಸ್ವಂತ ದುಡಿಮೆ ಇದೆ ಎಂದು ತೋರಿಸಬೇಕು. ಅಂಗಡಿಯ ಪರವಾನಗಿ, ಪಹಣಿ, ಬ್ಯಾಂಕ್ ಪಾಸ್‌ಬುಕ್ ಇಟ್ಟುಕೊಳ್ಳಿ. ಹುಡುಗನಿಗೆ ಹತ್ತಿರದ ಬಂಧುಗಳು ಇದ್ದಾರೆಯೇ ಎಂದು ಸಮಿತಿ ಮೊದಲು ಹುಡುಕುತ್ತದೆ. ಸಿಕ್ಕಿದರೆ ಅಲ್ಲಿಗೆ ಕಳಿಸಿ ಪ್ರಾಯೋಜಕತ್ವ ಕೊಡಿಸುವ ಸಾಧ್ಯತೆಯೂ ಇದೆ ಎಂಬುದನ್ನು ಮನಸ್ಸಿನಲ್ಲಿಟ್ಟುಕೊಳ್ಳಿ.

ಪೋಷಕತ್ವಕ್ಕೆ ಜಿಲ್ಲಾ ಮಕ್ಕಳ ರಕ್ಷಣಾ ಘಟಕದವರು ಮನೆ ನೋಡಲು ಬರುತ್ತಾರೆ. ಮಲಗುವ ಜಾಗ, ಶೌಚಾಲಯ, ನೀರು, ಓದುವುದಕ್ಕೆ ಬೆಳಕು ನೋಡುತ್ತಾರೆ. ನಿಮ್ಮ ಇಬ್ಬರು ಮಕ್ಕಳನ್ನು ಪ್ರತ್ಯೇಕವಾಗಿ ಮಾತನಾಡಿಸುತ್ತಾರೆ. ಹಾಗಾಗಿ ಅವರನ್ನು ನೀವೇ ಮೊದಲು ಕೇಳಿ. ನಿಮ್ಮ ಮಗನಿಗೆ ಗೆಳೆಯನಾಗಿ ಇಷ್ಟವಿರಬಹುದು, ಕೋಣೆ ಹಂಚಿಕೊಳ್ಳುವುದು ಬೇರೆ ಮಾತು. ಮನೆಯವರೆಲ್ಲರ ವೈದ್ಯಕೀಯ ವರದಿ ಕೇಳುತ್ತಾರೆ, ಕ್ಷಯವೂ ಅದರಲ್ಲಿ ಸೇರುತ್ತದೆ. ಕ್ರಿಮಿನಲ್ ಶಿಕ್ಷೆ ಆಗಿರಬಾರದು. ಸಾಮಾಜಿಕ ತನಿಖಾ ವರದಿ 15 ದಿನದೊಳಗೆ, ಸಮಿತಿಯ ಅಂತಿಮ ಆದೇಶ ಮೊದಲ ಹಾಜರಾತಿಯಿಂದ ನಾಲ್ಕು ತಿಂಗಳೊಳಗೆ ಆಗಬೇಕು ಎಂಬುದು ಕಾಯ್ದೆಯ ಗಡುವು. ಒಂದು ವರ್ಷದವರೆಗಿನದು ಅಲ್ಪಾವಧಿ ಪೋಷಕತ್ವ, ಅದಕ್ಕೂ ಮೀರಿದ್ದು ದೀರ್ಘಾವಧಿ. ಎರಡರಲ್ಲೂ 18 ತುಂಬಿದ ಮೇಲೆ ಹಣ ನಿಲ್ಲುತ್ತದೆ.

ಆದೇಶವಾದ ಮರುತಿಂಗಳೇ ಹಣ ಬರುತ್ತದೆಂದು ಅಂಗಡಿಯ ಸಾಲಕ್ಕೆ ಲೆಕ್ಕ ಹಾಕಬೇಡಿ. ಜಿಲ್ಲಾ ಮಟ್ಟದ ಅನುಮೋದನಾ ಸಮಿತಿ ಸಭೆ ಸೇರಿ ಒಪ್ಪಬೇಕು, ಕೇಂದ್ರದ 60 ಮತ್ತು ರಾಜ್ಯದ 40 ಪಾಲು ಸೇರಿ ಅನುದಾನ ಇಳಿಯಬೇಕು. ಹಲವು ತಿಂಗಳ ಹಣ ಒಟ್ಟಿಗೆ ಬರುವುದುಂಟು. ಕನಿಷ್ಠ ಆರು ತಿಂಗಳು ನಿಮ್ಮ ಕೈಯಿಂದಲೇ ನಡೆಸಲು ಸಿದ್ಧರಿರಿ. ಇನ್ನು ಹಣ ಮಂಜೂರಾಗಿಯೂ ಖಾತೆಗೆ ಬೀಳದಿದ್ದರೆ ಕಾರಣ ಬಹುಮಟ್ಟಿಗೆ ಬ್ಯಾಂಕಿನಲ್ಲಿರುತ್ತದೆ: ಖಾತೆಗೆ ಆಧಾರ್ ಜೋಡಣೆ ಆಗಿಲ್ಲ, ಆಧಾರ್‌ನಲ್ಲಿ ಒಂದು ಹೆಸರು ಶಾಲೆಯಲ್ಲಿ ಇನ್ನೊಂದು, ಅಥವಾ 15 ವರ್ಷಕ್ಕೆ ಮಾಡಿಸಬೇಕಾದ ಬೆರಳಚ್ಚು ನವೀಕರಣ ಆಗಿಲ್ಲ. ನಿಮ್ಮ ಹುಡುಗನಿಗೆ ಈಗಷ್ಟೇ 15 ತುಂಬಿದೆ. ಆದೇಶಕ್ಕೆ ಕಾಯುತ್ತಿರುವಾಗಲೇ ಆಧಾರ್ ಕೇಂದ್ರಕ್ಕೆ ಹೋಗಿ ಮುಗಿಸಿಬಿಡಿ.

ಆಧಾರ್‌ನಲ್ಲಾಗಲಿ ಶಾಲೆಯಲ್ಲಾಗಲಿ ತಂದೆಯ ಹೆಸರಿನ ಜಾಗದಲ್ಲಿ ನಿಮ್ಮ ಯಜಮಾನರ ಹೆಸರು ಬರೆಸಬೇಡಿ. ಪ್ರೀತಿಯಿಂದಲೇ ಹಾಗೆ ಮಾಡುವವರಿದ್ದಾರೆ. ಆದರೆ ಅವನ ಜಾತಿ ಪ್ರಮಾಣಪತ್ರ, ಅದರಿಂದ ಬರುವ ವಿದ್ಯಾರ್ಥಿವೇತನ, ಮೀಸಲಾತಿ ಎಲ್ಲವೂ ತಂದೆಯ ದಾಖಲೆಗೆ ಅಂಟಿಕೊಂಡಿವೆ. ಯರವ, ಜೇನುಕುರುಬರಂಥ ಬುಡಕಟ್ಟು ಕುಟುಂಬದ ಮಗುವಾದರಂತೂ ಇದೊಂದು ತಪ್ಪಿನಿಂದ ಆಗುವ ನಷ್ಟ ದೊಡ್ಡದು. ನಿಮ್ಮ ಪಡಿತರ ಚೀಟಿಗೆ ಹೆಸರು ಸೇರಿಸುವುದಕ್ಕೂ ಆತುರ ಬೇಡ. ಒಂದೇ ಆಧಾರ್ ಎರಡು ಚೀಟಿಯಲ್ಲಿ ಕೂರುವುದಿಲ್ಲ, ತಂದೆಯ ಚೀಟಿಯಿಂದ ತೆಗೆಸಬೇಕಾಗುತ್ತದೆ. ತಂದೆ ಸಿಕ್ಕಿ ಅವನು ಅಲ್ಲಿಗೇ ಮರಳಿದರೆ ಮತ್ತೆ ಸೇರಿಸಲು ಅಲೆಯಬೇಕು.

ನಿಮ್ಮ ಮನೆಯವರ ಮುಜುಗರದ ಬಗ್ಗೆ ಒಂದು ಮಾತು. ಬಂದವರಿಗೆ ಬಡಿಸಿ ಲೆಕ್ಕ ಬರೆಯುವ ಜನ ನಾವಲ್ಲ ಎಂಬುದು ಒಳ್ಳೆಯ ಗುಣವೇ. ಆದರೆ ಈ ಹಣ ಅನ್ನದ ಕೂಲಿಯಾಗಿ ನಿಮಗೆ ಬರುವುದಲ್ಲ, ಅದು ಹುಡುಗನ ಹಕ್ಕು. ಬೇಡವೆಂದರೆ ನಿಮ್ಮ ಮಾನ ಉಳಿಯುವುದಕ್ಕೆ ಅವನು ಬೆಲೆ ತೆರುತ್ತಾನೆ. ತಿಂಗಳಿಗೆ 4,000 ಎಂದರೆ ದಿನಕ್ಕೆ ಸುಮಾರು 133 ರೂಪಾಯಿ. ಬೆಳೆಯುವ ಹುಡುಗನ ಊಟವೇ ಅದರ ದೊಡ್ಡ ಪಾಲು ತಿನ್ನುತ್ತದೆ. ಸರ್ಕಾರಿ ಶಾಲೆಯಾದರೆ ಹತ್ತನೇ ತರಗತಿವರೆಗೆ ಪುಸ್ತಕ, ಸಮವಸ್ತ್ರ, ಮಧ್ಯಾಹ್ನದ ಊಟ ಸಿಗುತ್ತದೆ. ಆದರೂ ನಮ್ಮ ಮಳೆಗೆ ಎರಡನೇ ಜೊತೆ ಬಟ್ಟೆ, ರೈನ್‌ಕೋಟು, ಚಳಿಗೆ ಸ್ವೆಟರ್, ಒಂದು ಕಂಬಳಿ ಮೊದಲ ತಿಂಗಳಲ್ಲೇ ಬೇಕು. ಬಸ್ ಪಾಸಿಗೆ ಏನು ಬೇಕೆಂದು ಶಾಲೆಯಲ್ಲಿ ಕೇಳಿ. ಸಾಧ್ಯವಾದರೆ ತಿಂಗಳಿಗೆ 500 ರೂಪಾಯಿ ಅವನ ಖಾತೆಯಲ್ಲೇ ಬಿಡಿ. ಕಾಗದಪತ್ರಕ್ಕೆ ಹೋದ ತಿಂಗಳು ಕಳೆದು 30 ತಿಂಗಳು ಹಣ ಬಂದರೂ 18 ತುಂಬುವಾಗ ಅವನ ಕೈಯಲ್ಲಿ 15,000 ಇರುತ್ತದೆ. ಪಾಸ್‌ಬುಕ್ಕನ್ನು ಅವನಿಗೆ ತೋರಿಸುತ್ತಿರಿ. ಉಳಿದದ್ದಕ್ಕೆ ಒಂದು ನೋಟ್‌ಬುಕ್ಕಿನಲ್ಲಿ ಖರ್ಚು ಬರೆದು ರಸೀದಿ ಅಂಟಿಸಿ. ಪೋಷಕ ಕುಟುಂಬವನ್ನು ಪ್ರತಿ ತಿಂಗಳು ಪರಿಶೀಲಿಸಬೇಕೆಂದು ಕಾಯ್ದೆಯಲ್ಲಿದೆ, ಬಂದವರಿಗೆ ಆ ಪುಸ್ತಕ ಕೊಟ್ಟರಾಯಿತು.

ಕಾಫಿ ಕೊಯ್ಲಿನ ಹೊತ್ತಿಗೆ ಒಂದು ಎಚ್ಚರ ಬೇಕು. ಡಿಸೆಂಬರ್ ಬಂತೆಂದರೆ ಆಳು ಸಿಗುವುದಿಲ್ಲ, ಮನೆಯಲ್ಲೊಬ್ಬ ಗಟ್ಟಿ ಹುಡುಗ ಇದ್ದಾನೆ. ನಿಮ್ಮ ಮಗ ರಜೆಯಲ್ಲಿ ಮಾಡುವಷ್ಟು ಕೈಗೆಲಸ ಇವನೂ ಮಾಡಲಿ, ಅದರಾಚೆಗೆ ಬೇಡ. ಅಂಗಡಿಯಲ್ಲಿ ಕೂರಿಸಿ ಶಾಲೆ ತಪ್ಪಿಸುವುದಂತೂ ಕೂಡದು. ಮಗುವನ್ನು ದುಡಿಮೆಗೆ ಕಟ್ಟಿಹಾಕಿದರೆ ಅಥವಾ ಅವನ ಕೂಲಿಯನ್ನು ತಾವಿಟ್ಟುಕೊಂಡರೆ ಐದು ವರ್ಷದವರೆಗೆ ಕಠಿಣ ಜೈಲು, ಒಂದು ಲಕ್ಷ ದಂಡ. ಶಾಲೆಯ ಹಾಜರಾತಿ 75 ಶೇಕಡಕ್ಕಿಂತ ಕೆಳಗಿಳಿದರೆ ಎಸ್ಸೆಸ್ಸೆಲ್ಸಿ ಪರೀಕ್ಷೆಗೇ ತೊಡಕು. ತಂದೆ ಹೋದಾಗಿನಿಂದ ಅವನು ಎಷ್ಟು ದಿನ ತಪ್ಪಿಸಿದ್ದಾನೆಂದು ಇದೇ ವಾರ ತರಗತಿ ಶಿಕ್ಷಕರನ್ನು ಕೇಳಿ.

ತಂದೆ ಯಾವತ್ತಾದರೂ ಬಾಗಿಲಿಗೆ ಬರಬಹುದು, ಅದಕ್ಕೂ ತಯಾರಿರಿ. ಅವರು ಬದುಕಿರುವಾಗ, ಮಗನನ್ನು ತೊರೆದಿದ್ದಾರೆಂದು ಸಮಿತಿ ಘೋಷಿಸದಿರುವಾಗ, ಇದು ದತ್ತು ಆಗುವುದಿಲ್ಲ. ಛಾಪಾ ಕಾಗದದಲ್ಲಿ ಬರೆಸಿಕೊಂಡರೂ ಅದಕ್ಕೆ ಬೆಲೆಯಿಲ್ಲ. ಭೇಟಿಗೆ ಬಂದರೆ ಸಮಿತಿ ಬೇಡವೆಂದು ಬರೆಯದ ಹೊರತು ಬರಗೊಡಿ, ಕೂರಿಸಿ ಮಾತನಾಡಿ. ಕರೆದುಕೊಂಡು ಹೋಗುತ್ತೇನೆ ಎಂದರೆ ಮಾತ್ರ "ಮಡಿಕೇರಿಗೆ ಒಟ್ಟಿಗೆ ಹೋಗೋಣ, ಸಮಿತಿ ಹೇಳಿದಂತಾಗಲಿ" ಎನ್ನಿ. ಹುಡುಗನನ್ನು ಬಚ್ಚಿಡಲೂ ಬೇಡಿ, ಕಾಗದವಿಲ್ಲದೆ ಒಪ್ಪಿಸಲೂ ಬೇಡಿ. ಖಾತೆಯ ಹಣ ಕೇಳಿದರೆ ಕೊಡುವ ಅಧಿಕಾರ ನಿಮಗಿಲ್ಲ.

ಪೋಷಕತ್ವ ಬೇಡ, ಸರ್ಕಾರಿ ಹಾಸ್ಟೆಲಿನಲ್ಲಿ ಇರುತ್ತೇನೆ, ರಜೆಗೆ ನಿಮ್ಮಲ್ಲಿ ಬರುತ್ತೇನೆ ಎಂದು ಹುಡುಗನೇ ಹೇಳಿದರೆ ಬೇಸರಪಡಬೇಡಿ. ಹಾಸ್ಟೆಲ್ ಸೇರಿದರೆ ತಿಂಗಳ ಹಣ ಇರುವುದಿಲ್ಲ, ನಿಮ್ಮ ಮನೆಯ ಬಾಗಿಲು ಇರುತ್ತದೆ.

ಸಮಿತಿ ಬೇರೆ ತೀರ್ಮಾನ ಕೊಟ್ಟು, ಅದು ಹುಡುಗನಿಗೆ ಒಳ್ಳೆಯದಲ್ಲ ಎಂದು ನಿಮಗೆ ಅನ್ನಿಸಿದರೆ 30 ದಿನದೊಳಗೆ ಮೇಲ್ಮನವಿ ಸಲ್ಲಿಸಬಹುದು: ಪೋಷಕತ್ವ, ಪ್ರಾಯೋಜಕತ್ವದ ತೀರ್ಮಾನವಾದರೆ ಜಿಲ್ಲಾಧಿಕಾರಿಗೆ, ಉಳಿದವಕ್ಕೆ ಮಕ್ಕಳ ನ್ಯಾಯಾಲಯಕ್ಕೆ. ಆದೇಶದ ಪ್ರತಿಯನ್ನು ಅದೇ ದಿನ ಕೇಳಿ ಪಡೆಯಿರಿ, ದಿನ ಎಣಿಸುವುದು ಅಲ್ಲಿಂದ. ಮಹಿಳೆಯರಿಗೂ ಮಕ್ಕಳಿಗೂ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರದಲ್ಲಿ ವಕೀಲರು ಉಚಿತ, ಅವರ ಸಹಾಯವಾಣಿ 15100. ಅರ್ಜಿ ನಿಮ್ಮ ಹೆಸರಿನಲ್ಲೇ ಇರಲಿ.