ಸೇವಾ ಸಂಸ್ಥೆಯ ಮೌಲ್ಯಮಾಪನವನ್ನು ನಾವೇ ಸೇರಿ ಮಾಡಿದರೆ ದಾನಿಗಳು ನಂಬುತ್ತಾರಾ?

ಸಿಬ್ಬಂದಿ, ಫಲಾನುಭವಿಗಳು ಎಲ್ಲ ಕೂತು ತಮ್ಮ ಕಾರ್ಯಕ್ರಮವನ್ನು ತಾವೇ ಅಳೆದರೆ "ಹೆತ್ತವರಿಗೆ ಹೆಗ್ಗಣ ಮುದ್ದು" ಅನ್ನೋದಿಲ್ವಾ, ಹೊರಗಿನ ತಜ್ಞರನ್ನೇ ಕರೆಸಬೇಕಾ ಅಂತ ಕೇಳಿದ್ದೀರಿ. ಅನ್ನುವವರು ಅಂತಾರೆ. ಆದರೆ ಈ ಕೆಲಸದಲ್ಲಿ ಕೆಲವು ವರ್ಷ ಕೈಯಾಡಿಸಿದ ನನಗೆ ಪಕ್ಷಪಾತಕ್ಕಿಂತ ಹೆಚ್ಚಾಗಿ ಕಂಡಿರುವ ರೋಗ ಬೇರೆ: ತಜ್ಞರು ಚೆಂದದ ವರದಿ ಕೊಡುತ್ತಾರೆ, ಅದನ್ನು ಯಾರೂ ತೆರೆದು ನೋಡುವುದಿಲ್ಲ. 1970ರ ದಶಕದಲ್ಲಿ ಮೌಲ್ಯಮಾಪನ ತಜ್ಞ ಮೈಕೆಲ್ ಕ್ವಿನ್ ಪ್ಯಾಟನ್ ಅಮೆರಿಕದ ಆರೋಗ್ಯ ಕಾರ್ಯಕ್ರಮಗಳ ಇಂಥ 20 ಮೌಲ್ಯಮಾಪನಗಳು ಬಳಕೆಗೆ ಬಂದವೇ ಎಂದು ಹುಡುಕಿದರು. "ಈ ಉತ್ತರ ನನಗೆ ಬೇಕು" ಎಂದು ಮೈಮೇಲೆ ಹಾಕಿಕೊಂಡವರು ಯಾರಾದರೂ ಇದ್ದರೇ ಎಂಬುದೇ ಅಲ್ಲಿ ಬಹಳ ಮುಖ್ಯವಾಗಿತ್ತು. ಪ್ರಶ್ನೆ ಹಾಕುವಾಗಲೇ ಜೊತೆಗಿದ್ದವರಿಗೆ ಉತ್ತರವೂ ಬೇಕೆನಿಸುತ್ತದೆ. ಎಲ್ಲರನ್ನೂ ಸೇರಿಸಿಕೊಳ್ಳುವುದರ ಲಾಭ ಅಲ್ಲಿಂದ ಶುರು.

ಆದರೆ ಸೇರಿಸಿಕೊಳ್ಳುವುದು ಯಾವ ಹಂತದಲ್ಲಿ? ಹೆಚ್ಚಿನ ಸಂಸ್ಥೆಗಳು ಫಲಾನುಭವಿಗಳ ಕೈಗೆ ಪ್ರಶ್ನಾವಳಿ ಕೊಟ್ಟು ತುಂಬಿಸಿಕೊಂಡು "ಸಹಭಾಗಿತ್ವ" ಅಂತ ಬರೆದುಕೊಳ್ಳುತ್ತವೆ. ನನ್ನ ಮಟ್ಟಿಗೆ ಅದು ಲೆಕ್ಕಕ್ಕಿಲ್ಲ. ಏನನ್ನು ಕೇಳಬೇಕು ಎಂದು ತೀರ್ಮಾನಿಸುವಾಗ ಅವರಿರಬೇಕು, ಬಂದ ಅಂಕಿಅಂಶಕ್ಕೆ ಅರ್ಥ ಹೇಳುವಾಗ ಇರಬೇಕು. ತರಬೇತಿಗೆ ಹಾಜರಾತಿ ಇಳಿದಿದೆ ಎಂದು ಕೋಷ್ಟಕ ಹೇಳೀತು. ಯಾಕೆ ಇಳಿಯಿತು ಅನ್ನುವುದು ಬರದೇ ಹೋದವರಿಗೆ ಗೊತ್ತು. (ಅವರನ್ನು ಹುಡುಕಿ ಕರೆಯುವುದು ಕಷ್ಟ. ಸುಲಭವಾಗಿ ಸಿಗುವವರು ಹೇಗೂ ಖುಷಿಯಾಗಿರುವವರು.)

ಪ್ರಶ್ನೆ ಆರಿಸುವಾಗ ನಾನು ಒಂದೇ ಜರಡಿ ಹಿಡಿಯುತ್ತೇನೆ: ಉತ್ತರ ಹೀಗೆ ಬಂದರೆ ಏನು ಬದಲಿಸುತ್ತೀರಿ, ಹಾಗೆ ಬಂದರೆ ಏನು? ಎರಡಕ್ಕೂ "ಏನೂ ಇಲ್ಲ" ಅಂದರೆ ಆ ಪ್ರಶ್ನೆ ಬಿಡಿ. ಹೀಗೆ ಸೋಸಿದರೆ ಸೂಚಕಗಳ (ಅಳೆಯಬೇಕಾದ ಅಂಶಗಳ) ಉದ್ದನೆಯ ಪಟ್ಟಿ ನಾಲ್ಕೈದಕ್ಕೆ ಇಳಿಯುತ್ತದೆ.

ಈಗ ಪಕ್ಷಪಾತದ ಮಾತು. ವ್ಯವಸ್ಥಾಪಕರ ಎದುರು ಸಹಾಯ ಪಡೆಯುವವರು ಬಾಯಿ ಬಿಡುವುದಿಲ್ಲ, ಬಿಟ್ಟರೆ ಸಹಾಯ ನಿಂತೀತು ಎಂಬ ಭಯ. ಫೀಲ್ಡ್ ಸಿಬ್ಬಂದಿಗೆ ಕೆಲಸದ ಭಯ. ಹಾಗಾಗಿ ಸಭೆಗಳನ್ನು ಬೇರೆ ಬೇರೆ ಮಾಡಿ, ನಡೆಸಿಕೊಡಲು ಹೊರಗಿನವರೊಬ್ಬರನ್ನು ಕರೆಯಿರಿ, ಮೂಲ ದತ್ತಾಂಶವನ್ನು ಅವರು ತಾವೇ ಪರಿಶೀಲಿಸಲಿ. ಯಾರು ಯಾವ ತೀರ್ಮಾನ ತೆಗೆದುಕೊಂಡರು ಎಂಬುದು ವರದಿಯಲ್ಲಿ ಇರಲಿ. 1990ರ ದಶಕದಲ್ಲಿ ಮೌಲ್ಯಮಾಪನ ತಜ್ಞ ರಿಕ್ ಡೇವಿಸ್ ಬಾಂಗ್ಲಾದೇಶದಲ್ಲಿ ರೂಪಿಸಿದ ವಿಧಾನ ಇಲ್ಲಿ ನೆನಪಾಗುತ್ತದೆ. ಜನರಿಂದ ಬದಲಾವಣೆಯ ಕಥೆಗಳನ್ನು ಸಂಗ್ರಹಿಸಿ, ಅವುಗಳಲ್ಲಿ ಮಹತ್ವದ್ದು ಯಾವುದೆಂದು ಗುಂಪಿನಲ್ಲಿ ಚರ್ಚಿಸಿ ಆರಿಸುತ್ತಾರೆ, ಆರಿಸಿದ ಕಾರಣವನ್ನೂ ಬರೆದಿಡುತ್ತಾರೆ. ಕಾರಣ ಕಾಗದದ ಮೇಲಿದ್ದರೆ ದಾನಿಯೂ ಅದನ್ನು ಪ್ರಶ್ನಿಸಬಹುದು.

ಒಂದು ಪ್ರಶ್ನೆಗೆ ಮಾತ್ರ ಈ ದಾರಿ ಸಾಲದು: "ನಿಮ್ಮ ಕಾರ್ಯಕ್ರಮ ಇಲ್ಲದಿದ್ದರೂ ಈ ಬದಲಾವಣೆ ಆಗುತ್ತಿತ್ತೇ?" ಅದಕ್ಕೆ ಹೋಲಿಕೆಯ ಗುಂಪು (ಕಾರ್ಯಕ್ರಮ ಸಿಗದ ಅಂಥದೇ ಜನ) ಬೇಕು, ಅಂಕಿಅಂಶ ಬಲ್ಲವರು ಬೇಕು. ದಾನಿ ಕೇಳುತ್ತಿರುವುದು ಅದನ್ನೇ ಆದರೆ ಸಂಕೋಚವಿಲ್ಲದೆ ತಜ್ಞರ ಖರ್ಚನ್ನೂ ದಾನಿಯ ಬಳಿಯೇ ಕೇಳಿ. ಹಾಗೇ ಬಜೆಟ್‌ನಲ್ಲಿ ಸಭೆಗೆ ಬರುವ ಫಲಾನುಭವಿಗಳ ಸಮಯಕ್ಕೂ ಗೌರವಧನ ಸೇರಿಸಿ. ಪುಕ್ಕಟೆ ದುಡಿಸಿಕೊಂಡರೆ ಎರಡನೇ ಸಭೆಗೆ ಯಾರೂ ಬರುವುದಿಲ್ಲ.